ಓ ಅಂದ ಯಂತ್ರ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಮದುವೆಯಾಗಿ ಹೋದ ನನ್ನ ತಂಗಿಯ ದನಿ ಫೋನಿನಲ್ಲಿ ಸೊರಗಿದಂತೆ ಕೇಳುತ್ತದೆ. ಹೇಗಿದ್ದೀ ಎಂದರೆ ಚೆನ್ನಾಗಿದ್ದೇನೆ ಅನ್ನುತ್ತಾಳೆ. ಅವಳೇ ಹಾಗಂದ ಮೇಲೆ ನಂಬಬೇಕಲ್ಲವೇ?”

ಗುರು ಒಂದು ಕತೆ ಹೇಳಿದರು.

ಒಂದು ಬಂದರಿನಲ್ಲಿ ಸರ್ವರ್ ಕಾಯುವವನೊಬ್ಬನಿದ್ದ. ಗಾಳಿ ಏಳುವ ಮುನ್ನ ದೋಣಿಗಳಿಗೆ ಎಚ್ಚರಿಕೆ ಕಳಿಸುವ ಯಂತ್ರ ಅದು. ಅದರ ಮಾತಿಗೆ ದೋಣಿಗಳಿರಲಿ, ಮೀನುಗಳೂ ದಡ ಸೇರುತ್ತಿದ್ದವಂತೆ. ಅದನ್ನು ಕಾಯುವುದಕ್ಕೊಂದು ಕ್ರಮವಿತ್ತು. ಮೊದಲು ಹೊರಗಿನಿಂದ ಪಿಂಗ್ ಮಾಡಬೇಕು, ಅಂದರೆ ಯಂತ್ರವನ್ನು ಕೂಗಬೇಕು; ಅದು ಓ ಅನ್ನುತ್ತದೆ. ಆಮೇಲೆ ಒಳಹೊಕ್ಕು, ಎಚ್ಚರಿಕೆ ಕಳಿಸುವ ಪ್ರೋಗ್ರಾಂ ನಡೆಯುತ್ತಿದೆಯೇ, ದೋಣಿಗಳ ಸಂಪರ್ಕ ಉಳಿದಿದೆಯೇ ಎಂದು ಕಮಾಂಡ್ ಕೊಟ್ಟು ನೋಡಬೇಕು.

ಮೊದಮೊದಲು ಅವನು ಎರಡನ್ನೂ ಮಾಡುತ್ತಿದ್ದ. ಯಂತ್ರ ಒಂದು ದಿನವೂ ಕೈಕೊಡಲಿಲ್ಲ. ಬರಬರುತ್ತ ಒಳಗೆ ಹೋಗುವುದು ಬೇಸರವಾಯಿತು. ಕುಳಿತಲ್ಲಿಂದಲೇ ಕೂಗಿ, ಓ ಅನ್ನಿಸಿಕೊಂಡು ಸುಮ್ಮನಾಗುತ್ತಿದ್ದ. ರೆಪ್ಪೆ ಬಡಿಯುವುದರೊಳಗೆ ಓಗೊಡುತ್ತದೆ, ಕಟ್ಟಿಕೊಂಡ ಹೆಂಡತಿಯೂ ಅಷ್ಟು ಬೇಗ ಓಗೊಡಳು ಎಂದು ಚಹಾದಂಗಡಿಯಲ್ಲಿ ಜಂಬ ಕೊಚ್ಚುತ್ತಿದ್ದ.

ಅವನ ಅಕ್ಕನ ಗಂಡ ಮೀನು ಹಿಡಿಯುವವನು. ಒಂದು ಬೆಳಿಗ್ಗೆ ಆಕಾಶ ಮಂಕಾಗಿತ್ತು. ದೋಣಿ ಹತ್ತುವ ಮುನ್ನ ಭಾವ ಕೇಳಿದ: “ಏನಪ್ಪಾ, ಗಾಳಿ ಎದ್ದರೆ ಹೇಳುತ್ತದೆ ತಾನೇ ನಿನ್ನ ಯಂತ್ರ? ಇಲ್ಲವಾದರೆ ನಿನ್ನ ಅಕ್ಕನಿಗೆ ನೀನೇ ಉತ್ತರ ಕೊಡಬೇಕು, ನೋಡು.”

ಅವನು ನಿಂತಲ್ಲೇ ಫೋನು ತೆಗೆದು ಪಿಂಗ್ ಮಾಡಿದ. “ಇಗೋ ಭಾವ, ಓ ಅಂದಿತು. ನಿಶ್ಚಿಂತೆಯಿಂದ ಹೋಗಿ ಬನ್ನಿ.”

ಮಧ್ಯಾಹ್ನ ಗಾಳಿ ಎದ್ದಿತು. ಅಲೆಗಳು ಮೂರು ತೆಂಗಿನಮರದೆತ್ತರ ಬಂದವು. ಅವನು ಮತ್ತೆ ಕೂಗಿದ. ಯಂತ್ರ ಓ ಅಂದಿತು. ಎಚ್ಚರಿಕೆ ಹೋಗಿರುತ್ತದೆ, ಭಾವ ತಿರುಗಿರುತ್ತಾನೆ ಅಂದುಕೊಂಡು ಊಟಕ್ಕೆ ಕುಳಿತ.

ಸಂಜೆಯ ಹೊತ್ತಿಗೆ, ಆಕಾಶ ನೋಡಿಯೇ ಹೆದರಿ ತಿರುಗಿದ ದೋಣಿಗಳು ದಡ ಮುಟ್ಟಿದವು. ಭಾವನ ದೋಣಿ ಬರಲಿಲ್ಲ. ಆಗ ಅವನು ಯಂತ್ರದ ಒಳಹೊಕ್ಕು ನೋಡಿದ. ಯಂತ್ರಕ್ಕೆ ಉಸಿರಿತ್ತು. ಎಚ್ಚರಿಕೆಯ ಪ್ರೋಗ್ರಾಂ ಹಿಂದಿನ ದಿನವೇ ಸತ್ತುಹೋಗಿತ್ತು. ಒಂದು ದೋಣಿಯ ಸಂಪರ್ಕವೂ ಇರಲಿಲ್ಲ. ಪ್ರೋಗ್ರಾಂ ಅನ್ನು ಮತ್ತೆ ಎಬ್ಬಿಸಿದ. ಎದ್ದದ್ದೇ ತಡ, ದಡದಲ್ಲಿ ಕಟ್ಟಿಹಾಕಿದ್ದ ದೋಣಿಗಳಿಗೆಲ್ಲ ಗಾಳಿ ಬರುತ್ತಿದೆಯೆಂದು ಅದು ಎಚ್ಚರಿಕೆ ಕಳಿಸಿತು.

ಅಕ್ಕ ನೀರಿನ ಅಂಚಿನಲ್ಲಿ ನಿಂತಿದ್ದಳು. ಅವನು ಹೋಗಿ ಪಕ್ಕದಲ್ಲಿ ನಿಂತ.

“ನೀನು ವಿಚಾರಿಸಿದ್ದೆಯಲ್ಲವೇ, ತಮ್ಮಾ?”

“ಕೂಗಿದ್ದೆ ಅಕ್ಕ. ಓ ಅಂದಿತು.”

ಅವಳು ಕಡಲಿನ ಕಡೆಗೇ ನೋಡುತ್ತಿದ್ದಳು.

ಕತೆ ಅಲ್ಲಿಗೆ ನಿಂತಿತು. ಹಾಗಾದರೆ ಯಂತ್ರ ಸುಳ್ಳು ಹೇಳಿತೇ ಎಂದು ಶಿಷ್ಯ ಕೇಳಿದ.

ಗುರು ಅವನ ಮುಖ ನೋಡಿದರು. “ತಂಗಿಯ ಮನೆಯಲ್ಲಿ ನೀನು ಊಟ ಮಾಡಿ ಎಷ್ಟು ಕಾಲವಾಯಿತು?”