ಮಾಳವ್ವನ ಕಂಬಳಿಯ ಅಂಚು

ಕೇಳ್ರಪ್ಪಾ ಕೇಳಿ, ಗದ್ದಲ ಮಾಡಿದವರಿಗೆ ಕತೆ ಇಲ್ಲ! ಒಂದು ರಾಜ್ಯದಲ್ಲಿ ಜಕ್ಕಪ್ಪ ಅಂತ ಕಂಬಳಿ ನೇಯುವವನಿದ್ದ. ಅವನ ಹೆಂಡತಿ ಮಾಳವ್ವ. ಅವಳು ನೂತರೆ ಇವನು ನೇಯಬೇಕು. ಅವಳಷ್ಟು ಸಣ್ಣ ನೂಲು ಯಾರ ಕೈಗೂ ಬರುತ್ತಿರಲಿಲ್ಲ.

ಆ ಕೈಮೇಲೆ ಮಂತ್ರಿ ಕೇತಯ್ಯನ ಕಣ್ಣು ಬಿತ್ತು. ಅವಳು ತನ್ನ ಮನೆಯಲ್ಲೇ ಕೂತು ನೂಲಬೇಕು ಅಂತ ಆಸೆ. ಭೋಳೆ ರಾಜನ ಕಿವಿ ಊದಿದ: "ಪ್ರೀತಿ ಇಲ್ಲದ ಗಂಡ ಹೆಂಡತಿ ಒಂದೇ ಸೂರಿನಡಿ ಇದ್ದರೆ ರಾಜ್ಯಕ್ಕೆ ಕೇಡು, ಪ್ರಭು. ಪರೀಕ್ಷೆ ಮಾಡೋಣ. ಸೋತ ಮನೆಯ ಹೆಂಗಸು ನನ್ನ ಮನೆಯಲ್ಲಿ ಕೆಲಸಕ್ಕಿರಲಿ."

ರಾಜ ಹೂಂ ಅಂದ. ಡಂಗುರ ಹೊಡೆದರು. ಪ್ರಶ್ನೆ ಮೂರೇ. ಗಂಡ ಹೂ ತರುತ್ತಾನೋ? ಮುದ್ದಿನ ಹೆಸರಿನಿಂದ ಕರೆಯುತ್ತಾನೋ? ಹೆಂಡತಿ ತವರಿಗೆ ಹೋದರೆ ಅಳುತ್ತಾನೋ? ಮೊದಲ ಕರೆ ಯಾರಿಗೆ ಬಂತು ಅಂತೀರಿ? ಮಾಳವ್ವನಿಗೇ!

ಅವಳು ನೂಲುತ್ತಲೇ ಲೆಕ್ಕ ಹಾಕಿದಳು. ಹೂವು? ಒಂದು ದಿನವೂ ತಂದವನಲ್ಲ. ಹೆಸರು? "ಏ ಇವಳೇ" ಅಷ್ಟೇ. ಅಳು? ತವರಿಗೆ ಹೊರಟರೆ "ಬುತ್ತಿ ಕಟ್ಟಿಕೊಂಡೆಯಾ" ಅಂದು ಮಗ್ಗಕ್ಕೆ ಇಳಿಯುವ ಪ್ರಾಣಿ! ಅವಳು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಮೂರು ಸಲ ನೂಲು ಹರಿಯಿತು. ತಡೆಯಲಾರದೆ ಕೇಳಿಯೇ ಬಿಟ್ಟಳು.

"ಅಲ್ಲಾ, ನಿಮಗೆ ನನ್ನ ಮೇಲೆ ಪ್ರೀತಿ ಐತೋ ಇಲ್ಲೋ?"

"ಈ ಅಂಚು ಮುಗೀಲಿ ತಡಿ," ಅಂದ ಜಕ್ಕಪ್ಪ.

"ಹಾಳಾಗ್ಲಿ ನಿಮ್ಮ ಅಂಚು!" ಮಾಳವ್ವ ತನ್ನ ಕಂಬಳಿ ಮುಸುಕೆಳೆದು ಹಟ್ಟಿಯಲ್ಲಿ ಬಿದ್ದುಕೊಂಡಳು. ಕೆನ್ನೆಗೆ ತಾಗಿದ ಅಂಚು ಬೆಣ್ಣೆ. ಪಕ್ಕದಲ್ಲೇ ಗಂಡನ ಕಂಬಳಿ ಇತ್ತು. ಮುಟ್ಟಿ ನೋಡಿದಳು, ಮುಳ್ಳು. ಮದುವೆಯ ಹೊಸದರಲ್ಲಿ ಒಮ್ಮೆ "ಕೆನ್ನೆ ಚುಚ್ಚುತ್ತೆ" ಅಂದಿದ್ದಳು. ಅಂದಿನಿಂದ ಅವಳು ನೂತಿಟ್ಟ ಮೆತ್ತನೆಯ ಕುರಿಮರಿ ಉಣ್ಣೆಯ ನೂಲು ಒಂದಿಷ್ಟು ಕಡಿಮೆ ಬೀಳುತ್ತಿತ್ತು. ಕೇಳಿದರೆ "ಇಲಿ ತಿಂತು" ಅನ್ನುತ್ತಿದ್ದ!

ಮಾರನೇ ದಿನ ಆ ಕಂಬಳಿ ಹೊದ್ದೇ ಗಂಡನ ಜೊತೆ ಸಭೆಗೆ ಹೋದಳು. ಹೂ ತರುತ್ತಾನೋ? ಇಲ್ಲ. ಮುದ್ದಿನ ಹೆಸರಿನಿಂದ ಕರೆಯುತ್ತಾನೋ? ಇಲ್ಲ. ಅಳುತ್ತಾನೋ? ಇಲ್ಲ. ಜಕ್ಕಪ್ಪನ ಮುಖ ಬಿಳಿಚಿಕೊಂಡಿತು.

"ಸೋತೆ! ನಡಿ ನನ್ನ ಮನೆಗೆ," ಅಂದ ಮಂತ್ರಿ.

"ಬಂದೆ ಬುದ್ಧಿ. ಅದಕ್ಕೆ ಮೊದಲು ಪ್ರಭುಗಳು ನಿಮ್ಮ ಮನೆಯಮ್ಮನವರಿಗೂ ಇದೇ ಪ್ರಶ್ನೆ ಕೇಳಲಿ."

ರಾಜ ಮಂತ್ರಿಯ ಹೆಂಡತಿ ಪೊನ್ನಮ್ಮನನ್ನು ಕರೆಸಿದ.

"ಹೂ ತರ್ತಾರೆ ಪ್ರಭು. ಮಲ್ಲಿಗೆ ಮೂಸಿದರೆ ನನಗೆ ಸೀನು, ಹತ್ತು ವರ್ಷದಿಂದ ಹೇಳ್ತಿದ್ದೀನಿ. 'ಚಿನ್ನಾ' ಅಂತಾರೆ, ಅವರ ಕುದುರೆಗೂ ಅದೇ ಹೆಸರು. ತವರಿಗೆ ಹೋದರೆ ಅಳ್ತಾರೆ, ಸಾರು ಮಾಡೋರು ಯಾರು ಅಂತ."

"ಹಾಗಾದರೆ ಪ್ರೀತಿ ಇದೆಯೇನಮ್ಮ?"

"ಇದ್ದರೆ ನನಗೆ ಗೊತ್ತಾಗಬೇಕಲ್ಲ!"

ಸಭೆ ಗೊಳ್ಳೆಂದು ನಕ್ಕಿತು. ಮಂತ್ರಿ ಇಂಗು ತಿಂದ ಮಂಗನ ಹಾಗೆ ನಿಂತ.

"ನಿನ್ನ ಗಂಡನ ಪ್ರೀತಿ ಎಲ್ಲಿದೆ, ತೋರಿಸು," ಅಂದ ರಾಜ. ಮಾಳವ್ವ ಕಂಬಳಿಯ ಅಂಚು ಚಾಚಿದಳು. ರಾಜ ಮುಟ್ಟಿ ನೋಡಿದ. "ಇದು ಬರೀ ಕಂಬಳಿ."

"ನಿಮಗೆ ಬರೀ ಕಂಬಳಿಯೇ ಬುದ್ಧಿ. ಕೆನ್ನೆ ನನ್ನದು."

ರಾಜ ಕೈಯಲ್ಲಿದ್ದ ಅಂಚನ್ನು ಅವಳಿಗೇ ಬಿಟ್ಟುಕೊಟ್ಟ. ಆಮೇಲೆ ಪರೀಕ್ಷೆ ರದ್ದು ಮಾಡಿದ. ಪೊನ್ನಮ್ಮ ಸಾಕು ಅನ್ನುವವರೆಗೆ ಕೇತಯ್ಯ ಜಕ್ಕಪ್ಪನ ಅಂಗಳದಲ್ಲಿ ಉಣ್ಣೆ ಹಿಂಜಬೇಕು ಅಂತ ಅಪ್ಪಣೆಯಾಯಿತು. ಪೊನ್ನಮ್ಮ ಇನ್ನೂ ಸಾಕು ಅಂದಿಲ್ಲವಂತೆ!

ದಾರಿಯಲ್ಲಿ ಜಕ್ಕಪ್ಪ ಕೇಳಿದ, "ಅಂಚು ಮುಗೀತು. ನಿನ್ನೆ ಏನೋ ಕೇಳಿದೆಯಲ್ಲ?"

"ಏನಿಲ್ಲ ಬಿಡಿ," ಅಂದಳು ಮಾಳವ್ವ. "ಇಲಿ ಸಿಕ್ಕಿತು."

ತಿಳೀತೇನ್ರೋ? ಪ್ರೀತಿಗೆ ಊರಿಗೆಲ್ಲ ಒಂದೇ ಅಳತೆ ಇಲ್ಲ. ಪಡೆದವರಿಗೇ ಅದರ ಗುರುತು, ಕಂಡವರ ಪಂಚಾಯಿತಿ ಅಲ್ಲಿ ನಡೆಯುವುದಿಲ್ಲ.