ಮುಳ್ಳು ಹಾಕಿದ ಕಲ್ಲಿನ ಮೊದಲ ಹಿಟ್ಟು

ವರ್ಜೀನಿಯಾದ ಹಳ್ಳಿಯೊಂದರ ನೀರುಗಿರಣಿಯಲ್ಲಿ ಮೊದಲು ಬಂದ ಚೀಲಕ್ಕೇ ಮೊದಲ ಸರದಿ. ಗಿರಣಿಯ ಒಡೆಯರಾದರೂ ಕಾಯಲೇಬೇಕು. ಅಂದು ಬೆಳಿಗ್ಗೆ ವಿಧವೆ ಟ್ಯಾಬಿತಾಳ ಪುಟ್ಟ ಮೆಕ್ಕೆಜೋಳದ ಚೀಲ ಎಲ್ಲಕ್ಕಿಂತ ಮುಂದೆ ಕೂತಿತ್ತು. ಹಿಂದೆ ಬಂದ ಒಡೆಯರ ಮನೆಯ ದೊಡ್ಡ ಚೀಲ ಬೀಸುಕಲ್ಲನ್ನೊಮ್ಮೆ ನೋಡಿ, "ಅತ್ತ ಸರಿ! ಈ ಗಿರಣಿ ನಮ್ಮದು," ಎಂದು ಗದರಿತು.

"ಸರದಿ ನನ್ನದಲ್ಲವೇ?" ಎಂದಿತು ಪುಟ್ಟ ಚೀಲ, ಅಳುವ ದನಿಯಲ್ಲಿ.

ದೊಡ್ಡ ಚೀಲ ಕೇಳಲಿಲ್ಲ. ಅದನ್ನು ಪಕ್ಕಕ್ಕೆ ನೂಕಿ ತಾನೇ ಮುಂದೆ ಉರುಳಿತು.

ಗಿರಣಿಯವನು ಅದರ ಕಾಳು ಬೀಸಿ, ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದ. "ಅಯ್ಯೋ, ಬರೀ ಕಲ್ಲುಪುಡಿ! ನಿನ್ನೆ ತಾನೇ ಸವೆದ ಕಲ್ಲನ್ನು ಉಳಿಯಿಂದ ಕೆತ್ತಿ ಮುಳ್ಳು ಹಾಕಿದ್ದೆ, ಪುಡಿ ಒರೆಸಲು ಮರೆತೇಬಿಟ್ಟೆ. ಇದು ಹಂದಿಗಳಿಗೇ ಸರಿ. ಇನ್ನು ಮುಂದಿನದು ಚೆನ್ನಾಗಿ ಬರುತ್ತದೆ," ಎಂದು ಹಿಟ್ಟನ್ನು ಅದೇ ಚೀಲಕ್ಕೆ ತುಂಬಿ ಬಾಗಿಲ ಹೊರಗಿಟ್ಟ.

"ಅಣ್ಣಾ, ನಿನಗೆ ಮೊದಲೇ ಗೊತ್ತಿತ್ತೇ?" ಎಂದು ದೊಡ್ಡ ಚೀಲವನ್ನು ಕೇಳಿತು ಪುಟ್ಟ ಚೀಲ.

"ಕಲ್ಲಿನ ಮೇಲೆ ಪುಡಿ ಕಾಣುತ್ತಿತ್ತು."

"ಹಾಗಾದರೆ ಗದರಿದ್ದೇಕೆ?"

"ನಿಜ ಹೇಳಿದ್ದರೆ ನೀನು ಸರಿಯುತ್ತಿರಲಿಲ್ಲ. ನಮ್ಮ ಕಣಜದಲ್ಲಿ ನನ್ನಂಥವು ಇನ್ನೂ ನಲವತ್ತಿವೆ. ಟ್ಯಾಬಿತಾಳ ಮನೆಯಲ್ಲಿರುವುದು ನೀನೊಂದೇ."