ಇಳಿಜಾರಿಗೆ ತಕ್ಕ ಎಂಜಿನ್

ಇಳಕಲ್ ಕಡೆಯ ಒಂದು ಕಲ್ಲು ಕ್ವಾರಿಗೆ ಹೊಸ ಪಿಕಪ್ ಬೇಕಿತ್ತು. ಕಲ್ಲಿನ ಜೊತೆ ಆಳುಗಳೂ ಅದರಲ್ಲೇ ಗುಡ್ಡ ಇಳಿಯುತ್ತಿದ್ದರು. ಹೋದ ವರ್ಷ ತಿರುವಿನಲ್ಲಿ ಹಳೆಯ ಗಾಡಿ ಉರುಳಿ ಇಬ್ಬರು ಸತ್ತಿದ್ದರು.

ಪರೀಕ್ಷೆಗೆ ಎರಡು ಡೀಸೆಲ್ ಗಾಡಿ ಬಂದವು. ಒಂದರ ಎಂಜಿನ್ ದೊಡ್ಡದು, ಏರನ್ನು ಸರಸರನೆ ಹತ್ತುತ್ತಿತ್ತು, ಇಳಿಯುವಾಗ ಮಾತ್ರ ಬ್ರೇಕನ್ನೇ ನಂಬಬೇಕಿತ್ತು. ಇನ್ನೊಂದು ನಿಧಾನ, ಆದರೆ ಇಳಿಯುವಾಗ ಎಂಜಿನ್ನೇ ಭಾರವನ್ನು ಹಿಡಿದುಕೊಳ್ಳುತ್ತಿತ್ತು.

ಮ್ಯಾನೇಜರ್ ಪಟ್ಟಣಶೆಟ್ಟರು ಗುಡ್ಡದ ಮೇಲೆ, ಎರಡನ್ನೂ ಓಡಿಸಿ ನೋಡಿದ್ದ ಡ್ರೈವರ್ ರಾಜೇಸಾಬನ ಮುಂದೆ ಕಾಗದ ಚಾಚಿದರು. "ದಿನಕ್ಕ ಟ್ರಿಪ್ ಹೆಚ್ಚಾಗ್ತಾವ. ದೊಡ್ಡ ಎಂಜಿನ್ನೇ ಚಲೋ ಅಂತ ಬರದು ಸಹಿ ಹಾಕು. ಇಲ್ಲಾಂದ್ರ ನಾಳೆಯಿಂದ ಬರಬ್ಯಾಡ."

"ಹಾಕ್ತೀನ್ರಿ ಸಾಹೇಬ್ರ. ಎರಡೂ ಗಾಡಿ ಕಲ್ಲು ತುಂಬಿಕೊಂಡು ನಿಂತಾವ. ನನ್ನ ಜೋಡಿ ಕೆಳಗ ಬರ್ರಿ. ನೀವು ಯಾವುದರಾಗ ಕುಂದರ್ತೀರಿ, ಅದಕ್ಕ ಸಹಿ ಹಾಕ್ತೀನಿ."

ಆಳುಗಳು ಕೆಲಸ ಬಿಟ್ಟು ನೋಡುತ್ತಿದ್ದರು. ಶೆಟ್ಟರು ದೊಡ್ಡ ಗಾಡಿಯ ಬಾಗಿಲು ಹಿಡಿದರು. ಕೆಳಗಿನ ತಿರುವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೋಗಿ ಇನ್ನೊಂದರಲ್ಲಿ ಕುಳಿತರು.

ರಾಜೇಸಾಬ ಕಾಗದದ ಮೇಲೆ ಆ ಗಾಡಿಯ ಹೆಸರು ಬರೆದು ಸಹಿ ಹಾಕಿದ. ಹತ್ತಿ ಕುಳಿತು ಗೇರ್ ಹಾಕಿದ.

"ಸಾವಕಾಶ ಇಳಸಪಾ," ಅಂದರು ಶೆಟ್ಟರು.

"ಅದಕ್ಕಂತನ ಇದಕ್ಕ ಸಹಿ ಹಾಕೀನ್ರಿ."